ನಿಧಾನದ ಸರಬಾಂದ್

ಸೆಪ್ಟೆಂಬರ್ 4

ಪ್ರಿಯ ಗುಬ್ಬಿ,

ನವೆಂಬರ್ 22ರ ಶನಿವಾರ ಸಂಜೆ ಇಲ್ಲಿನ ಗ್ರಂಥಾಲಯದ ಸಭಾಂಗಣದಲ್ಲಿ ನನ್ನ ಪಿಯಾನೋ ಕಛೇರಿ ಇದೆ. ನುಡಿಸುವವಳು ನಾನೊಬ್ಬಳೇ, ನಡುವೆ ಒಂದು ಬಿಡುವು. ನವೆಂಬರ್ ಮೊದಲ ವಾರ ಕಾರ್ಯಕ್ರಮದ ಹಾಳೆ ಅಚ್ಚಿಗೆ ಹೋಗುತ್ತದೆ. ಎಲ್ಲ ಗೊತ್ತಾಗಿದೆ, ಮೊದಲ ಕೃತಿ ಯಾವುದೆಂಬುದು ಮಾತ್ರ ಉಳಿದಿದೆ. ಅದಕ್ಕೇ ಈ ಕಾಗದ. ಮೇಷ್ಟ್ರಿಗೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ, ಕಾಗದವಾದರೆ ಅಪ್ಪನ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದುತ್ತೇನೆ ಎಂದು ಹೋದ ವರ್ಷ ನೀನೇ ಹೇಳಿದ್ದೆ.

ಅವರಿಗೆ ಕೇಳು: ಡಿ ಮೈನರ್‌ನ ಆ ಸರಬಾಂದ್‌ನಿಂದ ಶುರುಮಾಡಲೇ? ಅವರಿಗೆ ಯಾವುದೆಂದು ತಿಳಿಯುತ್ತದೆ. ಮುನ್ನೂರು ವರ್ಷ ಹಿಂದಿನ ಬರೋಕ್ ಕಾಲದ ಕೃತಿ, ಎರಡೇ ಪುಟ, ಮೂರು ಎಣಿಕೆಯದು. ಊರು ಬಿಟ್ಟು ಎರಡು ವರ್ಷವಾದ ಮೇಲೆ ನಾನೊಮ್ಮೆ ನಿಮ್ಮ ಮನೆಗೆ ಬಂದಿದ್ದೆನಲ್ಲ, ಆ ಮಧ್ಯಾಹ್ನ ಅವರು ನನಗಾಗಿ ನುಡಿಸಿದ್ದು ಅದೇ. ಅಷ್ಟು ನಿಧಾನವಾಗಿ ಯಾರೂ ಅದನ್ನು ನುಡಿಸಿದ್ದನ್ನು ನಾನು ಕೇಳಿರಲಿಲ್ಲ. ಟ್ರಿಲ್ ಇಲ್ಲ, ಎರಡು ಸ್ವರಗಳನ್ನು ಬೇಗಬೇಗ ಅದಲುಬದಲಾಗಿ ಮಿಡಿಯುವ ಯಾವ ಅಲಂಕಾರವೂ ಇಲ್ಲ. ಒಡವೆಯೆಲ್ಲ ಕಳಚಿಟ್ಟು ಕೂತ ಹಾಗೆ. ನಾನು ಅತ್ತಿದ್ದೆ, ನಿನಗೆ ನೆನಪಿರಬಹುದು. ಅಂದಿನಿಂದ ನಾನು ಅದನ್ನು ಬೇರೆ ರೀತಿ ನುಡಿಸಿಯೇ ಇಲ್ಲ. ನನ್ನ ಮೊದಲ ರೆಕಾರ್ಡಿಂಗ್‌ಗೆ ಹೆಸರು ಬಂದದ್ದೂ ಆ ನಿಧಾನದಿಂದಲೇ. ಅದರ ಒಂದು ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಇಷ್ಟು ವರ್ಷ ಯಾಕೆ ಕಳಿಸಲಿಲ್ಲವೋ ನನಗೇ ಗೊತ್ತಿಲ್ಲ.

ಸಭಾಂಗಣದ ಮ್ಯಾನೇಜರಿಗೆ ಇದು ಹಿಡಿಸಿಲ್ಲ. "ಮೇಡಂ, ಜನ ಈಗಷ್ಟೇ ಬಂದು ಕೊಡೆ ಮಡಚಿಟ್ಟು ಕೂತಿರ್ತಾರೆ. ಕೂತ ತಕ್ಷಣ ಸಾವಿನ ಮನೆಗೆ ಬಂದ್ವಾ ಅನ್ನಿಸಬಾರದು. ಏನಾದ್ರೂ ಲವಲವಿಕೆಯದು ಇಡಿ" ಎನ್ನುತ್ತಾರೆ. ಅದು ದುಃಖದ್ದಲ್ಲ, ಗಂಭೀರವಾದದ್ದು ಎಂದೆ. "ನನ್ನ ಕಿವಿಗೆ ಎರಡೂ ಒಂದೇ" ಎಂದರು.

ಮೇಷ್ಟ್ರು ಹೂಂ ಎಂದರೆ ನನಗೆ ಸಾಕು. ಅವರನ್ನು ಕರೆದುಕೊಂಡು ಬರಲು ನಿನಗೆ ಆಗುತ್ತದೆಯೇ? ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಹಿಡಿದಿಟ್ಟಿದ್ದೇನೆ.

ಅವರ ಪಿಯಾನೋ ನನ್ನ ಹಜಾರದಲ್ಲಿ ಕ್ಷೇಮವಾಗಿದೆ ಎಂದೂ ಹೇಳು. ಈ ವರ್ಷ ಸುತ್ತಿಗೆಗಳ ಉಣ್ಣೆ ಬದಲಾಯಿಸಿದೆ. ಶ್ರುತಿ ಮಾಡಲು ಬರುವವನು ಪ್ರತಿ ಸಲವೂ ಅದರ ಮುಚ್ಚಳ ಸವರಿ "ಇಂಥದ್ದು ಈಗ ಮಾಡೋರೇ ಇಲ್ಲ" ಎನ್ನುತ್ತಾನೆ. ನಾನು ಊರು ಬಿಡುವಾಗ, ನಿನಗೆ ಬೇಕಾಗುವಷ್ಟು ದಿನ ಇಟ್ಟುಕೋ ಎಂದು ಅವರು ಕೊಟ್ಟದ್ದು. ನೋಡು, ಇನ್ನೂ ಬೇಕಾಗುತ್ತಲೇ ಇದೆ.

ನಿನ್ನ,
ಅಕ್ಕ


ಸೆಪ್ಟೆಂಬರ್ 15

ಅಕ್ಕಾ,

ನಿಮ್ಮ ಕಾಗದ ಬಂದು ವಾರವಾಯಿತು. ಲ್ಯಾಬಿನಲ್ಲಿ ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಎದುರಿಗೆ ಇಬ್ಬರ ಹಲ್ಲಿನ ಅಚ್ಚು ಒಣಗುತ್ತಿದೆ, ಹಾಳೆಯ ಮೇಲೆ ಬಿಳಿ ಪುಡಿ ಕಂಡರೆ ಅದು ಪ್ಲಾಸ್ಟರ್, ಗಾಬರಿಯಾಗಬೇಡಿ. ಕಟ್ಟುವ ಹಲ್ಲು ಮಾಡುವವಳ ಕಾಗದ ಹೀಗೇ ಇರುತ್ತದೆ. ಅಪ್ಪನ ಸೆಟ್ಟನ್ನೂ ನಾನೇ ಮಾಡಿದ್ದು. "ಮಗಳು ಕೊಟ್ಟ ಹಲ್ಲು, ಮೊದಲು ಮಗಳನ್ನೇ ಕಚ್ಚಿ ನೋಡ್ತೀನಿ" ಎಂದು ಬಂದವರೆದುರಿಗೆಲ್ಲ ಹೇಳುತ್ತಾರೆ.

ಕಾಗದವನ್ನು ಎರಡು ಸಲ ಓದಿಸಿಕೊಂಡರು. ಸರಬಾಂದ್ ಎಂಬಲ್ಲಿಗೆ ಬಂದಾಗ "ಡಿ ಮೈನರ್‌ದಾ?" ಎಂದು ಕೇಳಿದರು. ಹೌದೆಂದೆ. "ಒಳ್ಳೇ ಪೀಸು. ನುಡಿಸಲಿ" ಎಂದರು. ಹಾಗಾಗಿ ಅವರ ಹೂಂ ನಿಮಗೆ ಸಿಕ್ಕಿತು. ರೆಕಾರ್ಡಿಂಗ್ ಕೂಡ ಹಾಕಿದೆ, ಸ್ಪೀಕರನ್ನು ಅವರ ಕಿವಿಯ ಹತ್ತಿರವೇ ಇಟ್ಟು. ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದರು. ಆಮೇಲೆ ಒಂದು ಮಾತು ಹೇಳಿದರು, ಅದನ್ನು ಅಲ್ಲಿಗೆ ಬಂದಾಗ ಅವರೇ ಹೇಳಲಿ.

ಖಂಡಿತ ಬರುತ್ತೇವೆ. ಲಕ್ವ ಹೊಡೆದ ಮೇಲೆ ಅವರು ಮನೆಯಿಂದ ಆಸ್ಪತ್ರೆ ಬಿಟ್ಟು ಬೇರೆಲ್ಲಿಗೂ ಹೋಗಿಲ್ಲ. ಈಗ ದಿನಾ ಬೆಳಿಗ್ಗೆ ಕೋಟು ತರಿಸಿಕೊಂಡು ಎಡಗೈಯೊಂದರಲ್ಲೇ ಗುಂಡಿ ಹಾಕಿಕೊಳ್ಳುವ ಅಭ್ಯಾಸ ನಡೆದಿದೆ. ಮೂರನೆಯ ಗುಂಡಿಯಲ್ಲಿ ಸಿಟ್ಟು ಬರುತ್ತದೆ. ನಾನು ಸಹಾಯಕ್ಕೆ ಹೋದರೆ "ಕಛೇರಿ ನಂದಲ್ಲ ಸರಿ, ಗುಂಡಿಯಾದ್ರೂ ನಂದೇ ಅಲ್ವಾ?" ಎನ್ನುತ್ತಾರೆ.

ನಮ್ಮ ಮನೆಯ ಪಿಯಾನೋದ ಸುತ್ತಿಗೆಗೆ ಉಣ್ಣೆ ಇದೆಯೋ ಇಲ್ಲವೋ ನೋಡಿದವರಿಲ್ಲ. ಅದರಲ್ಲಿ ಒತ್ತಿದ ಕೀ ಮೇಲೇಳುವ ಹೊತ್ತಿಗೆ ಒಂದು ಲೋಟ ಚಹಾ ಕುಡಿದು ಬರಬಹುದು. ಅಪ್ಪ ಈಗಲೂ ಎಡಗೈಯಲ್ಲಿ ಏನೋ ಮಿಡಿಯುತ್ತಿರುತ್ತಾರೆ. ಅಂಟಿಕೊಂಡ ಕೀಯನ್ನು ಉಗುರಿನಿಂದ ಎಬ್ಬಿಸಿ "ಏಳಮ್ಮಾ ಮಹಾರಾಣಿ" ಎನ್ನುತ್ತಾರೆ. ನಾನು ಚಿಕ್ಕವಳಿದ್ದಾಗಿನಿಂದಲೂ ಅದೇ ಮಾತು.

ರೈಲಿನ ಟಿಕೆಟ್ ತೆಗೆಸುತ್ತೇನೆ.

ಗುಬ್ಬಿ


ಸೆಪ್ಟೆಂಬರ್ 21

ಪ್ರಿಯ ಗುಬ್ಬಿ,

ಅವರು ಕಣ್ಣು ಮುಚ್ಚಿಕೊಂಡು ಕೇಳಿದರು ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ. ಮ್ಯಾನೇಜರಿಗೆ ಸರಬಾಂದ್ ಎಂದೇ ಹೇಳಿಬಿಟ್ಟೆ. ಅವರು ನಿಟ್ಟುಸಿರು ಬಿಟ್ಟು "ಹಾಗಾದ್ರೆ ಎರಡನೇದಾದ್ರೂ ಜನ ಎದ್ದು ಕೂರೋ ಹಾಗಿರಲಿ" ಎಂದರು. ಎರಡನೆಯದು ಜೋರಿನದೇ ಇದೆ.

ಹಾಳೆಯಲ್ಲಿ ಪ್ರತಿ ಕೃತಿಯ ಕೆಳಗೆ ಎರಡು ಸಾಲಿನ ಟಿಪ್ಪಣಿ ಬರೆಯಬೇಕು. ಸರಬಾಂದ್‌ಗೆ ಹೀಗೆ ಬರೆದಿದ್ದೇನೆ: "ಈ ಕೃತಿಯನ್ನು ಸಾಮಾನ್ಯವಾಗಿ ನುಡಿಸುವುದಕ್ಕಿಂತ ಬಹಳ ನಿಧಾನವಾಗಿ, ಅಲಂಕಾರಗಳಿಲ್ಲದೆ ನುಡಿಸಲಾಗುವುದು. ಈ ನಿಧಾನವನ್ನು ನಾನು ನನ್ನ ಗುರುಗಳಿಂದ ಕಲಿತೆ." ಅವರು ಮುಂದಿನ ಸಾಲಿನಲ್ಲಿ ಕೂತು ಅದನ್ನು ಓದಿಸಿಕೊಳ್ಳುವುದನ್ನು ಈಗಲೇ ಊಹಿಸಿಕೊಳ್ಳುತ್ತಿದ್ದೇನೆ. ಓದುವಾಗ ಸ್ವಲ್ಪ ಗಟ್ಟಿಯಾಗಿಯೇ ಓದು, ಅಕ್ಕಪಕ್ಕದವರಿಗೂ ಕೇಳಿಸಲಿ.

ನಿನ್ನ ಕಾಗದದಲ್ಲಿ ಪಿಯಾನೋದ ಮಾತು ನೋಡಿ ನಕ್ಕೆ. ಒಂದು ಸಣ್ಣ ಕುತೂಹಲ. ಅದು ಹಾಗೆ ಅಂಟುವುದು ಯಾವಾಗಿನಿಂದ? ನಾನು ಬಂದ ದಿನ ಅವರು ನುಡಿಸಿದ್ದು ಅದರಲ್ಲೇ ಅಲ್ಲವೇ? ಆಗ ಅದು ಸರಿಯಾಗಿಯೇ ಇದ್ದ ನೆನಪು.

ಅಕ್ಕ


ಸೆಪ್ಟೆಂಬರ್ 30

ಅಕ್ಕಾ,

ಅದು ಸರಿಯಾಗಿದ್ದ ದಿನವೇ ನನಗೆ ಗೊತ್ತಿಲ್ಲ. ನೀವು ಹೊರಟು ಕೆಲವು ತಿಂಗಳಾದ ಮೇಲೆ ಒಂದು ಶಾಲೆಯವರು ಅದನ್ನು ಒಡೆದು ಸೌದೆ ಮಾಡಲು ಹೊರಗೆ ಹಾಕಿದ್ದರು. ಅಪ್ಪ ಕೈಗಾಡಿಯಲ್ಲಿ ತರಿಸಿಕೊಂಡರು. ಒಳಗಿನ ಮರ ತೇವ ಕುಡಿದು ಉಬ್ಬಿದೆ, ಎಷ್ಟು ಕೆರೆದರೂ ಪ್ರಯೋಜನವಿಲ್ಲ ಎಂದು ರಿಪೇರಿಯವನು ಕೈಬಿಟ್ಟ. ನಿಧಾನವಾಗಿ ನುಡಿಸಿದರೆ ಹೇಗೋ ನಡೆಯುತ್ತದೆ. ಅವಸರ ಮಾಡಿದರೆ ಸ್ವರಗಳು ಹಲ್ಲು ಬಿದ್ದ ಬಾಯಿಯ ಹಾಗೆ ಅಲ್ಲೊಂದು ಇಲ್ಲೊಂದು. ಪಾಠಕ್ಕೆ ಬರುತ್ತಿದ್ದವರಿಗೆಲ್ಲ ಅಪ್ಪ ನಿಧಾನದ್ದನ್ನೇ ಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಹುಟ್ಟುಹಬ್ಬಕ್ಕೂ ಗಂಭೀರವಾದದ್ದೇ.

ನೀವು ಬಂದ ದಿನ ಚೆನ್ನಾಗಿ ನೆನಪಿದೆ. ನೀವು ಬರುತ್ತೀರೆಂದು ಅಪ್ಪ ಬೆಳಿಗ್ಗೆಯಿಂದ ಪುಸ್ತಕಗಳನ್ನೆಲ್ಲ ಕೆಳಗೆ ಹರಡಿಕೊಂಡು ಒಂದೊಂದೇ ನುಡಿಸಿ ನೋಡುತ್ತಿದ್ದರು. ಯಾವುದು ಹಾಕಿದರೂ ನಡುವೆ ಎಲ್ಲೋ ಒಂದು ಕೀ ಕೈಕೊಡುತ್ತಿತ್ತು. ಕೊನೆಗೆ ಆ ಸರಬಾಂದ್ ಸಿಕ್ಕಿತು. ಟ್ರಿಲ್ಲುಗಳನ್ನೆಲ್ಲ ಬಿಟ್ಟು, ಕೀ ಏಳುವವರೆಗೆ ಕಾದು ಕಾದು ನುಡಿಸಿದರೆ ಒಂದೂ ತಪ್ಪುತ್ತಿರಲಿಲ್ಲ. "ಇದು ಮರ್ಯಾದೆ ಉಳಿಸುತ್ತೆ ಕಣೇ" ಎಂದು ಅಮ್ಮನಿಗೆ ಹೇಳಿದ್ದರು. ನೀವು ಅತ್ತಾಗ ಅವರಿಗೆ ಎಷ್ಟು ಸಂಕೋಚವಾಯಿತೆಂದರೆ, ಚಹಾ ತರುತ್ತೇನೆಂದು ಅಡುಗೆಮನೆಗೆ ಬಂದು ಬರಿಗೈಯಲ್ಲೇ ವಾಪಸು ಹೋದರು!

ಟಿಕೆಟ್ ಸಿಕ್ಕಿದೆ, ಕಿಟಕಿ ಪಕ್ಕದ್ದೇ. ಟಿಪ್ಪಣಿಯ ಸಾಲುಗಳನ್ನು ಅಪ್ಪನಿಗೆ ಓದಲಿಲ್ಲ, ಅಲ್ಲೇ ಓದಿದರೆ ಚೆಂದ.

ಗುಬ್ಬಿ


ಅಕ್ಟೋಬರ್ 19

ಪ್ರಿಯ ಗುಬ್ಬಿ,

ಉತ್ತರ ತಡವಾಯಿತು. ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ ಹೆಚ್ಚಾಗಿತ್ತು.

ಕಾರ್ಯಕ್ರಮ ಸ್ವಲ್ಪ ಬದಲಾಗಿದೆ. ಸರಬಾಂದ್ ತೆಗೆದಿದ್ದೇನೆ. ಮ್ಯಾನೇಜರು ಹೇಳಿದ್ದರಲ್ಲೂ ಅರ್ಥವಿದೆ, ಶುರುವಿಗೆ ಅಷ್ಟು ಗಂಭೀರವಾದದ್ದು ಬೇಡ. ಬೇರೆ ಯಾವುದಾದರೂ ಹಾಕುತ್ತೇನೆ.

ಇನ್ನೊಂದು ವಿಷಯ ಯೋಚಿಸಿದೆ. ನಾಲ್ಕು ಗಂಟೆಯ ರೈಲು ಪ್ರಯಾಣ, ನವೆಂಬರಿನ ಚಳಿ, ಸಭಾಂಗಣದ ಮೆಟ್ಟಿಲು. ಮೇಷ್ಟ್ರ ಈಗಿನ ಸ್ಥಿತಿಯಲ್ಲಿ ಇದೆಲ್ಲ ಬೇಕೇ? ಬರಲೇಬೇಕೆಂಬ ದಾಕ್ಷಿಣ್ಯ ನಿಮಗೆ ಬೇಡ. ರೆಕಾರ್ಡ್ ಮಾಡಿ ಕಳಿಸಬಹುದು. ಅವರಿಗೆ ನನ್ನ ನಮಸ್ಕಾರ ತಿಳಿಸು.

ಅಕ್ಕ


ಅಕ್ಟೋಬರ್ 24

ಅಕ್ಕಾ,

ನಿಮ್ಮ ಕಾಗದ ಬಂತು. ಅಪ್ಪನಿಗೆ ಓದಲಿಲ್ಲ. ಯಾರದು ಎಂದು ಕೇಳಿದರು, ಕರೆಂಟಿನ ಬಿಲ್ಲು ಎಂದೆ. ಎದುರಿಗೇ ಕೂತಿದ್ದರು, ಕೋಟಿನ ಐದು ಗುಂಡಿಯೂ ಹಾಕಿಕೊಂಡು.

ಚಳಿ, ಮೆಟ್ಟಿಲು ಎಂದೆಲ್ಲ ಬರೆಯಬೇಕಾಗಿರಲಿಲ್ಲ. ಬಾಯಿ ಒಂದು ಕಡೆಗೆ ಎಳೆದುಕೊಂಡ ಮುದುಕ ಮುಂದಿನ ಸಾಲಿನಲ್ಲಿ ಕೂತರೆ ನೋಡಲು ಚೆನ್ನಾಗಿರುವುದಿಲ್ಲ ಎಂದು ನೇರವಾಗಿಯೇ ಹೇಳಬಹುದಿತ್ತು. ಬೇರೆಯವರ ಬಾಯಿ ನೋಡುವುದೇ ನನ್ನ ಕೆಲಸ. ನನಗೆ ಅರ್ಥವಾಗುತ್ತಿತ್ತು.

ಹೋದ ತಿಂಗಳು ನಾನು ನಿಮ್ಮಿಂದ ಒಂದು ಮಾತು ಮುಚ್ಚಿಟ್ಟಿದ್ದೆ. ನಿಮ್ಮ ರೆಕಾರ್ಡಿಂಗ್ ಮುಗಿದ ಮೇಲೆ ಅಪ್ಪ ಕಣ್ಣು ಬಿಟ್ಟು ಹೇಳಿದ್ದು ಏನು ಗೊತ್ತೇ? "ಯಾರಮ್ಮಾ ತೀರ್ಕೊಂಡಿದ್ದು?" ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. "ಇದು ಕುಣಿತದ್ದು ಕಣೇ. ಎರಡನೇ ಎಣಿಕೆ ಮೇಲೆ ಕಾಲು ಜಾರಬೇಕು. ನಿಧಾನ ಬೇರೆ, ಹೆಣ ಹೊರೋದು ಬೇರೆ. ಇವಳಿಗೆ ಯಾರು ಹೀಗೆ ಹೇಳಿಕೊಟ್ಟಿದ್ದು?" ಎಂದರು. ಆಮೇಲೆ ನಮ್ಮ ಪಿಯಾನೋದ ಕಡೆ ನೋಡಿದರು. ಅವರಿಗೆ ಹೊಳೆಯಿತು ಎಂದು ಕಾಣುತ್ತದೆ. ಅವತ್ತು ರಾತ್ರಿ ಊಟ ಮಾಡಲಿಲ್ಲ. ನಾನು ನಿಮಗೆ ಬೇಜಾರಾದೀತೆಂದು ಕಣ್ಣು ಮುಚ್ಚಿ ಕೇಳಿದರು ಎಂದು ಬರೆದು, ಆ ಮಾತನ್ನು ಅವರೇ ಹೇಳಲಿ ಎಂದುಬಿಟ್ಟೆ.

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಬರೆಯುತ್ತೇನೆ. ನೀವು ಬಂದು ಹೋದ ಆ ವರ್ಷ ನನಗೆ ಹದಿನಾಲ್ಕು. ಬೆರಳು ಓಡುತ್ತಿದ್ದವು. ನನ್ನ ಬೆರಳಿನ ವೇಗಕ್ಕೆ ಕೀಗಳು ಏಳುತ್ತಿರಲಿಲ್ಲ. ಅಪ್ಪನ ಹತ್ತಿರ ಹೇಳಿದೆ, ಅಕ್ಕನಿಗೆ ಕಾಗದ ಬರೀರಿ, ನಮ್ಮದನ್ನು ವಾಪಸು ಕಳಿಸಲಿ. "ಅವಳ ಪರೀಕ್ಷೆ ಮುಗೀಲಿ" ಎಂದರು. ಮುಂದಿನ ವರ್ಷ ಕೇಳಿದೆ. "ಸ್ಪರ್ಧೆ ಇದೆಯಂತೆ, ಅದೊಂದು ಮುಗೀಲಿ." ಅದರ ಮುಂದಿನ ವರ್ಷ ನಿಮಗೆ ಕೆಲಸ ಸಿಕ್ಕಿತು. ನಾನು ಕೇಳುವುದನ್ನು ಬಿಟ್ಟೆ, ನುಡಿಸುವುದನ್ನೂ ಬಿಟ್ಟೆ. ಅಪ್ಪ ನಿಮಗೆ ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ನೀವು ಕಳಿಸಿಬಿಡುತ್ತಿದ್ದಿರಿ, ಅದೇ ಅವರಿಗೆ ಹೆದರಿಕೆ. ಅಷ್ಟು ನಂಬಿಕೆ ನಿಮ್ಮ ಮೇಲೆ.

ನಿಮ್ಮ ಕಾಗದಗಳಲ್ಲಿ ಮೇಷ್ಟ್ರಿಗೆ ಕೇಳು, ಮೇಷ್ಟ್ರಿಗೆ ಹೇಳು, ಮೇಷ್ಟ್ರಿಗೆ ಓದು. ನನ್ನನ್ನು ಏನೂ ಕೇಳಿದ್ದು ನನಗೆ ಕಾಣಲಿಲ್ಲ. ಹೌದು, ಒಂದು ಸಲ ಕೇಳಿದಿರಿ, ಪಿಯಾನೋ ಯಾವಾಗಿನಿಂದ ಅಂಟುತ್ತದೆ ಎಂದು. ನಾನು ಪೆದ್ದಿಯ ಹಾಗೆ ಖುಷಿಯಿಂದ ಉತ್ತರ ಬರೆದೆ.

ನನ್ನನ್ನು ಗುಬ್ಬಿ ಎಂದು ಕರೆಯುತ್ತಿದ್ದವಳು ಅಮ್ಮ. ಅವಳು ಹೋದ ಮೇಲೆ ಆ ಹೆಸರು ಹಿಡಿದವರು ನೀವೊಬ್ಬರೇ. ಇನ್ನು ಸಾಕು.

ಟಿಕೆಟ್ ರದ್ದು ಮಾಡಿಸುತ್ತೇನೆ.

ನಿಮ್ಮ ಮೇಷ್ಟ್ರ ಮಗಳು


ಅಕ್ಟೋಬರ್ 27

ಅಕ್ಕಾ,

ಮೊನ್ನೆಯ ಕಾಗದ ಈ ಹೊತ್ತಿಗೆ ನಿಮ್ಮ ಕೈ ಸೇರಿರುತ್ತದೆ. ಅಂಚೆ ಡಬ್ಬದೊಳಗೆ ಕೈ ಹಾಕಿ ತೆಗೆಯುವಂತಿದ್ದರೆ ತೆಗೆಯುತ್ತಿದ್ದೆ.

ಟಿಕೆಟ್ ರದ್ದು ಮಾಡುವ ಮಾತು ಹೇಳಿದಾಗ ಅಪ್ಪ ಎಲ್ಲ ಬಾಯಿಬಿಡಿಸಿದರು. ನಿಮ್ಮ ಕಾಗದ ಓದಿದೆ, ನಾನು ಬರೆದದ್ದನ್ನೂ ಹೇಳಿದೆ. ಅವರಿಗೆ ನನ್ನ ಮೇಲೇ ಸಿಟ್ಟು ಬಂತು.

"ಕೊಟ್ಟೋನು ನಾನು. ಅವಳ ಮೇಲೆ ಯಾಕೆ ಹರಿಹಾಯ್ದೆ?"

"ಕೊಟ್ಟೋರು ನೀವು. ಬಿಟ್ಟೋಳು ನಾನು" ಎಂದೆ.

ನಾನು ಬಟ್ಟೆ ಮಡಚುತ್ತಿದ್ದೆ. ಅವರ ಅಂಗಿಗಳೆಲ್ಲ ಮುಗಿದು ನನ್ನವಕ್ಕೆ ಬಂದಿದ್ದೆ. ಆಗ ಕೇಳಿದರು, "ನಿನಗೆ ಅಷ್ಟೊಂದು ಬೇಕಿತ್ತಾ, ಮಗಾ?"

ಇಷ್ಟು ವರ್ಷದಲ್ಲಿ ಅದನ್ನು ಅವರು ಕೇಳಿದ್ದು ಅದೇ ಮೊದಲು. ಕೇಳುವಾಗ ಅವರ ಮುಖ ಹೇಗಿತ್ತೆಂದರೆ, ಹೌದು ಎಂದಿದ್ದರೆ ಆ ಮುದುಕ ಆ ಮಾತನ್ನು ಎಲ್ಲಿ ಇಟ್ಟುಕೊಳ್ಳುತ್ತಿದ್ದರೋ. "ಇಲ್ಲಪ್ಪ, ಏನೋ ಹುಡುಗಾಟಿಕೆ, ಮಾತಿಗೆ ಬರೆದೆ" ಎಂದೆ. ನಂಬಿದರು. ಅಥವಾ ನಂಬಿದ ಹಾಗೆ ಮಾಡಿದರು.

ನೀವೂ ಹಾಗೆಯೇ ತಿಳಿಯಿರಿ. ನನಗೆ ನನ್ನ ಕೆಲಸ ಇಷ್ಟ. ಒಂದು ಹಲ್ಲಿನ ಅಂಚು ಕೂದಲೆಳೆಯಷ್ಟು ಎತ್ತರವಾದರೂ ನನ್ನ ಬೆರಳಿಗೆ ಗೊತ್ತಾಗುತ್ತದೆ, ಆ ಬೆರಳು ಹಾಳಾಗಿ ಹೋಗಿಲ್ಲ. ಮೊನ್ನೆಯದನ್ನು ಹರಿದುಹಾಕಿ. ಟಿಕೆಟ್ ಇನ್ನೂ ರದ್ದು ಮಾಡಿಸಿಲ್ಲ, ಅಪ್ಪ ಬಿಡಲಿಲ್ಲ. ಆದರೆ ಕರೆಯದ ಮನೆಗೆ ಅವರನ್ನು ಕರೆದುಕೊಂಡು ಬರುವವಳಲ್ಲ ನಾನು.

ನಿಮ್ಮ ಕಛೇರಿ ಚೆನ್ನಾಗಿ ಆಗಲಿ.


ನವೆಂಬರ್ 2, ಭಾನುವಾರ

ತಂಗೀ,

ನಿನ್ನ ಎರಡು ಕಾಗದವೂ ಎದುರಿಗಿವೆ. ಹರಿದಿಲ್ಲ.

ಮೊದಲು, ನೀನು ತಪ್ಪು ತಿಳಿದ ಒಂದು ಮಾತು. ಬರಬೇಡಿ ಎಂದು ನಾನು ಬರೆದದ್ದು ಮೇಷ್ಟ್ರ ಬಾಯಿ ನೋಡಿ ಜನ ಏನಂದುಕೊಳ್ಳುತ್ತಾರೋ ಎಂದಲ್ಲ. ಅವರ ಎದುರಿಗೆ ಕೂತು ಆ ಪಿಯಾನೋದ ಬಗ್ಗೆ ಏನೂ ಗೊತ್ತಿಲ್ಲದವಳ ಹಾಗೆ ನುಡಿಸಲು ನನ್ನಿಂದ ಆಗುತ್ತಿರಲಿಲ್ಲ. ಗೊತ್ತು ಎಂದು ಹೇಳಲು ಧೈರ್ಯವೂ ಇರಲಿಲ್ಲ. ಅವರು ಬರದಿದ್ದರೆ ಎರಡೂ ತಪ್ಪುತ್ತಿತ್ತು. ನೀನು ಊಹಿಸಿದ್ದಕ್ಕಿಂತ ಇದು ಒಳ್ಳೆಯದೇನೂ ಅಲ್ಲ.

ಸೆಪ್ಟೆಂಬರ್ ಮೂವತ್ತರ ನಿನ್ನ ಕಾಗದ ಓದಿದ ಮೇಲೆ ಕಾಲೇಜಿನಲ್ಲಿ ಕೆಲಸ ಹೆಚ್ಚಿತ್ತು ಎಂದದ್ದು ಸುಳ್ಳು. ನಮ್ಮ ಬೀದಿಯ ಹಿಂದೆ ಒಂದು ಪ್ರಾಥಮಿಕ ಶಾಲೆ ಇದೆ. ಅದರ ಪ್ರಾರ್ಥನೆಯ ಹಾಲಿನಲ್ಲಿ ಒಂದು ಹಳೆಯ ಪಿಯಾನೋ ಇದೆಯೆಂದು ಕೇಳಿದ್ದೆ. ಶಾಲೆ ಬಿಟ್ಟ ಮೇಲೆ ಹೋಗಿ, ಹೆಡ್‌ಮೇಡಂ ಅನುಮತಿ ಕೇಳಿ ಕೂತೆ. ಹಾಲಿನಲ್ಲಿ ಒದ್ದೆ ಶೂಗಳ ವಾಸನೆ, ಮೂಲೆಯಲ್ಲಿ ಮಡಚಿಟ್ಟ ಬೆಂಚುಗಳು, ಆಯಾ ನೆಲ ಒರೆಸುತ್ತಿದ್ದಳು. ಸರಬಾಂದನ್ನು ಪುಸ್ತಕದಲ್ಲಿರುವ ಹಾಗೆ ಟ್ರಿಲ್ಲು ಸೇರಿಸಿ ಶುರುಮಾಡಿದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ನಾಲ್ಕು ಕೀ ಕೆಳಗೇ ಮಲಗಿದ್ದವು. ಆಮೇಲೆ ಟ್ರಿಲ್ ಬಿಟ್ಟೆ. ನಿಧಾನ ಮಾಡಿದೆ. ಇನ್ನೂ ನಿಧಾನ ಮಾಡಿದೆ. ಯಾವ ವೇಗದಲ್ಲಿ ಎಲ್ಲ ಕೀಗಳೂ ಎದ್ದು ಬಂದವೋ, ಅದು ಸರಿಯಾಗಿ ನನ್ನ ರೆಕಾರ್ಡಿಂಗ್‌ನ ವೇಗ.

ಮುಗಿಸಿದಾಗ ಆಯಾ ಕೋಲಿಗೆ ಒರಗಿ ನಿಂತಿದ್ದಳು. "ಯಾಕಮ್ಮಾ, ಮನೆಯಲ್ಲಿ ಏನಾದ್ರೂ ಆಯ್ತಾ?" ಎಂದಳು.

"ಇಲ್ಲ. ಕೀ ಏಳ್ತಾ ಇಲ್ಲ."

"ಅಯ್ಯೋ, ಅದು ಯಾವತ್ತು ಎದ್ದಿತ್ತು? ಮಕ್ಕಳು ಪ್ರಾರ್ಥನೆ ಮುಗಿಸಿ ಕ್ಲಾಸಿಗೆ ಹೋಗಿ ಲೆಕ್ಕ ಮಾಡ್ತಾ ಇರ್ತಾರೆ, ಇದು ಇಲ್ಲಿ ಇನ್ನೂ ಹಾಡ್ತಾನೇ ಇರುತ್ತೆ!"

ನಾನೂ ನಕ್ಕೆ. ಮನೆಗೆ ಬಂದು ಮೇಷ್ಟ್ರ ಪಿಯಾನೋದ ಮುಂದೆ ಕೂತೆ. ಒತ್ತುವ ಮೊದಲೇ ಏಳುವಂಥ ಕೀಗಳು. ಅದು ಕುಣಿತದ್ದೆಂಬುದು ಆಗ ನನ್ನ ತಲೆಗೆ ಬರಲಿಲ್ಲ, ನಿನ್ನ ಕಾಗದ ಬಂದ ಮೇಲೆ ಬಂತು. ಈಗ ಒಂದು ವಾರದಿಂದ ಅದನ್ನು ಹಿಡಿಯಲು ನೋಡುತ್ತಿದ್ದೇನೆ. ನನ್ನ ಬೆರಳಿಗೆ ಬರುತ್ತಿಲ್ಲ. ಯಾವ ತೊಂದರೆಯೂ ಇಲ್ಲದ ಪಿಯಾನೋದಲ್ಲಿ ಕೂತು, ತೊಂದರೆ ಇರುವವರ ಹಾಗೆ ನುಡಿಸುವುದನ್ನು ಇಷ್ಟು ವರ್ಷ ಸಾಧನೆ ಮಾಡಿದ್ದೇನೆ. ನನ್ನ ವಿದ್ಯಾರ್ಥಿಗಳಿಗೂ ಅದನ್ನೇ ಕಲಿಸಿದ್ದೇನೆ. ಅದರಲ್ಲಿ ಮೇಷ್ಟ್ರು ಅನುಭವಿಸಿದ್ದು ಒಂದೂ ಇಲ್ಲ, ಅವರು ಕೊಟ್ಟ ಪಿಯಾನೋ ಮಾತ್ರ ಇದೆ.

ನಿನಗೆ ಬೇಕಿರಲಿಲ್ಲ ಎಂದು ಬರೆದಿದ್ದೀಯೆ. ಅದನ್ನು ನಂಬುವುದು ನನಗೆ ಬಹಳ ಅನುಕೂಲ. ಮೇಷ್ಟ್ರು ಬೇಕಾಗುವಷ್ಟು ದಿನ ಇಟ್ಟುಕೋ ಎಂದದ್ದನ್ನೂ ಹೀಗೆಯೇ ಅನುಕೂಲಕ್ಕೆ ನಂಬಿದೆ. ನನಗೆ ಬೇಕೋ ಬೇಡವೋ ಎಂದು ಮಾತ್ರ ನೋಡಿಕೊಂಡೆ. ಆ ಮನೆಯಲ್ಲಿ ಇನ್ನೊಬ್ಬಳಿಗೆ ಬೇಕಿರಬಹುದೆಂದು, ಹದಿನಾಲ್ಕರ ಹುಡುಗಿ ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಾಗಲೂ ತೋಚಲಿಲ್ಲ. ಅವತ್ತು ನಾನು ಅತ್ತದ್ದು ನನಗೆ ನೆನಪಿದೆ. ನೀನು ನಿಂತಿದ್ದದ್ದು ನಿನ್ನ ಕಾಗದ ಓದಿದ ಮೇಲೆ ನೆನಪಾಯಿತು. ನೀನು ಮೇಷ್ಟ್ರಿಗೆ ಇಲ್ಲ ಎಂದದ್ದು ಸರಿ. ನನಗೆ ಹಾಗೆ ಹೇಳುವ ಅಗತ್ಯವಿಲ್ಲ, ನಿನಗೆ ಬೇಕಿತ್ತೆಂಬ ಮಾತನ್ನು ನಾನು ಇಟ್ಟುಕೊಳ್ಳಬಲ್ಲೆ.

ಈಗ ನಿರ್ಧಾರಗಳು. ಮ್ಯಾನೇಜರ ಹತ್ತಿರ ನಾಳೆಯವರೆಗೆ ಸಮಯ ಕೇಳಿದ್ದೇನೆ. "ಮೇಡಂ, ಒಂದು ಪೀಸಿಗೆ ಇಷ್ಟು ಗೋಳಾ?" ಎಂದರು. ಸರಬಾಂದ್ ಮೊದಲಿಗೇ ಇರುತ್ತದೆ. ತೆಗೆದುಹಾಕುವುದು ಸುಲಭ, ಯಾರೂ ಕಾರಣ ಕೇಳುವುದಿಲ್ಲ. ಅದಕ್ಕೇ ತೆಗೆಯುವುದಿಲ್ಲ. ಟ್ರಿಲ್ಲು ಹಾಕಿ, ಕುಣಿತದ ಲಯದಲ್ಲಿ ನುಡಿಸುತ್ತೇನೆ. ತಡವರಿಸಬಹುದು. ನಿಧಾನಕ್ಕಾಗಿ ಬರುವ ಜನಕ್ಕೆ ನಿರಾಸೆಯಾಗುತ್ತದೆ, ಆಗಲಿ. ಗುರುಗಳಿಂದ ಕಲಿತ ನಿಧಾನ ಎಂಬ ಟಿಪ್ಪಣಿ ಹೊಡೆದುಹಾಕಿದ್ದೇನೆ. ಅದರ ಜಾಗದಲ್ಲಿ ಏನೂ ಬರೆದಿಲ್ಲ.

ಪಿಯಾನೋ ನಿನಗೆ ಬರುತ್ತದೆ. ಮೇಷ್ಟ್ರಿಗಲ್ಲ, ನಿನಗೆ. ಕಛೇರಿ ಮುಗಿದ ಮೇಲೆ ಕಳಿಸುತ್ತೇನೆ ಎಂದು ಈ ಸಾಲನ್ನು ಮೊದಲು ಬರೆದಿದ್ದೆ. ಬರೆದು ನೋಡಿದರೆ ಬಹಳ ಪರಿಚಯದ ಸಾಲು: ಪರೀಕ್ಷೆ ಮುಗಿದ ಮೇಲೆ, ಸ್ಪರ್ಧೆ ಮುಗಿದ ಮೇಲೆ. ಹಾಳೆ ಬದಲಾಯಿಸಿ ಮತ್ತೆ ಬರೆಯುತ್ತಿದ್ದೇನೆ. ಕಛೇರಿಗೆ ಮೊದಲೇ, ಈ ವಾರವೇ. ನನ್ನ ಅಭ್ಯಾಸಕ್ಕೆ ಕಾಲೇಜಿನಲ್ಲಿ ಕೋಣೆ ಖಾಲಿಯಾದಾಗ ಸಿಗುತ್ತದೆ, ಇಲ್ಲದಿದ್ದರೆ ಆ ಶಾಲೆ ಇದೆ. ಚೆನ್ನಾಗಿ ನುಡಿಸಲು ಇದು ದಾರಿಯಲ್ಲ ಎಂದು ನನಗೆ ಗೊತ್ತು.

ನಿನಗೆ ಈಗ ಅದು ಉಪಯೋಗಕ್ಕಿಲ್ಲದಿರಬಹುದು. ಮಾರುವುದಾದರೆ ಮಾರು. ಮುಚ್ಚಳದ ಮೇಲೆ ಹಲ್ಲಿನ ಅಚ್ಚುಗಳನ್ನು ಸಾಲಾಗಿ ಒಣಗಿಸುವುದಾದರೆ ಹಾಗೇ ಮಾಡು, ಅಗಲ ಸಾಕಾಗುತ್ತದೆ. ಬಾಗಿಲಲ್ಲೇ ನಿಲ್ಲಿಸಿ ಬೇಡ ಎನ್ನುವ ಹಕ್ಕೂ ನಿನ್ನದೇ. ಆದರೆ ಹಾಗೆ ಅನ್ನುವುದಿದ್ದರೆ ನಿನಗೆ ಬೇಡವೆಂದು ಅನ್ನು, ನನಗೆ ಬೇಕಾದೀತೆಂದು ಅಲ್ಲ.

ಮುಂದಿನ ಸಾಲಿನ ಎರಡು ಕುರ್ಚಿ ಇನ್ನೂ ಹಾಗೇ ಇವೆ. ಕರೆಯುತ್ತಿದ್ದೇನೆ, ಮೇಷ್ಟ್ರನ್ನೂ, ನಿನ್ನನ್ನೂ, ಬೇರೆ ಬೇರೆಯಾಗಿ. ಒಬ್ಬರೇ ಬಂದರೂ ಸರಿ.

ಸಾಗಣೆಯವರ ನಂಬರು ಶ್ರುತಿ ಮಾಡುವವನಿಂದ ತೆಗೆದುಕೊಂಡೆ. ಯಾಕೆ ಎಂದು ಕೇಳಿದ. ಹೇಳಿದಾಗ ಅವನು ಮುಚ್ಚಳ ಸವರಲಿಲ್ಲ, ಸುಮ್ಮನೆ ಬರೆದುಕೊಟ್ಟ. ಇವತ್ತು ಭಾನುವಾರ, ಅವರ ಅಂಗಡಿ ಮುಚ್ಚಿರುತ್ತದೆ. ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇನೆ. ಈ ಕಾಗದವನ್ನು ಈಗಲೇ ಡಬ್ಬಕ್ಕೆ ಹಾಕಿ ಬರುತ್ತೇನೆ, ನಾಳೆ ಬೆಳಿಗ್ಗೆಗೆ ನನ್ನ ಮನಸ್ಸು ಏನಾಗುತ್ತದೋ ಎಂದು ನನಗೇ ಹೆದರಿಕೆ ಇದೆ.

ಅಕ್ಕ